ಹುಬ್ಬಿನ ನಡುವಿನ ಗೆರೆ

ತಾಯಿ ಚಿತ್ರದ ಮೇಲೆ ಅಂಗೈ ಆಡಿಸಿ, ಕೈ ಹಿಂದಕ್ಕೆ ತೆಗೆದುಕೊಂಡಳು.

“ಬರೀ ಕಾಗದ ಕಣೋ. ಕುರುಡಿ ಕೈಗೆ ಕನ್ನಡಿ ಕೊಟ್ಟ ಹಾಗಾಯ್ತು.”

ಚಿತ್ರಕಾರನಿಗೆ ತಲೆ ಎತ್ತಲಾಗಲಿಲ್ಲ. ತೀರಿಕೊಂಡ ಗೆಳೆಯನ ಮುಖವನ್ನು ಹದಿನೈದು ದಿನ ಕೂತು ಇದ್ದಿಲಿನಲ್ಲಿ ತಿದ್ದಿ ತೀಡಿದ್ದ. ನೋಡಿದವರೆಲ್ಲ ಥೇಟ್ ಅವನೇ ಎಂದಿದ್ದರು. ಆದರೆ ಚಿತ್ರ ಬೇಕೆಂದವಳು ಅವನ ತಾಯಿ, ಈಕೆಯ ಕಣ್ಣು ಹೋಗಿ ಹನ್ನೆರಡು ವರ್ಷ. ಜಾಣರೇ ಇಂಥ ಕಡೆ ಎಡವುವುದು! ಈಗ ಇದ್ದಿಲೆಲ್ಲ ಅವಳ ಅಂಗೈಗೆ ಮೆತ್ತಿತ್ತು.

“ಇದ್ದಾಗ ಮುಖ ಮುಟ್ಟೋಕೆ ಬಿಡ್ತಿರಲಿಲ್ಲ. ನಾನೇನು ಚಿಕ್ಕ ಮಗುನಾ ಅಂತಿದ್ದ. ಈಗಾದ್ರೂ ಒಂದ್ಸಲ ಮುಟ್ಟೋಣ ಅಂತಿದ್ದೆ” ಎಂದಳು ತಾಯಿ.

“ಅತ್ತಿಗೆ, ಒಂದು ದಪ್ಪ ಟವಲ್ ಕೊಡಿ. ಇಂಕು ಮುಗಿದ ಪೆನ್ನಿದ್ರೆ ಅದೂ” ಎಂದ ಚಿತ್ರಕಾರ, ಗೆಳೆಯನ ಹೆಂಡತಿಯತ್ತ ತಿರುಗಿ.

ಸೊಸೆ ಎರಡನ್ನೂ ತಂದಳು. ಅವನು ಟವಲಿನ ಮೇಲೆ ಹೊಸ ಹಾಳೆ ಹಾಸಿ, ಆಚೆ ಬದಿಗೆ ಗೆರೆ ಉಬ್ಬುವಂತೆ ಒತ್ತಿ ಎಳೆಯತೊಡಗಿದ. ನೆರಳು ಬೆರಳಿಗೆ ಸಿಗುವುದಿಲ್ಲ, ಹೆಚ್ಚು ಗೆರೆ ಹಾಕಿದರೆ ಬೆರಳು ದಾರಿ ತಪ್ಪುತ್ತದೆ. ಹಾಗಾಗಿ ಕೂದಲು ಬಿಟ್ಟ, ಕಿವಿ ಬಿಟ್ಟ. ಹಣೆ, ಹುಬ್ಬು, ಕಣ್ಣು, ಮೂಗು, ತುಟಿ, ಗಲ್ಲ. ಯಾರೋ ಒಬ್ಬನಾದ, ಅವನಾಗಲಿಲ್ಲ. ಕಡೆಗೆ ಹುಬ್ಬುಗಳ ನಡುವೆ ಒಂದು ಗಿಡ್ಡ ಗೆರೆ ಎಳೆದ.

“ಅಯ್ಯೋ, ಬಂದೇಬಿಟ್ರು” ಎಂದು ಸೊಸೆ ಬಾಯಿ ಮುಚ್ಚಿಕೊಂಡಳು.

ಅವನು ಹಾಳೆ ತಿರುವಿ ತಾಯಿಯ ಮುಂದಿಟ್ಟ. “ಮೆಲ್ಲಗೆ ಅಮ್ಮ. ಜೋರಾಗಿ ಒತ್ತಿದ್ರೆ ಗೆರೆ ಅಳಿಸಿಹೋಗುತ್ತೆ.”

ಅವಳ ಬೆರಳು ಹಣೆಯಿಂದ ಇಳಿಯಿತು. “ಅಪ್ಪನದೇ ಮೂಗು” ಎಂದು ನಕ್ಕಳು. ಬೆರಳು ಗಲ್ಲದವರೆಗೆ ಹೋಗಿ, ಮತ್ತೆ ಮೇಲೆ ಬಂದು, ಹುಬ್ಬಿನ ಹತ್ತಿರ ನಿಂತುಬಿಟ್ಟಿತು.

“ಇದೇನಿದು?”

“ಹುಬ್ಬು ಗಂಟಿಕ್ಕೋ ಗೆರೆ ಅಮ್ಮ. ಅದಿಲ್ದೆ ಅವನು ಅವನಾಗ್ಲಿಲ್ಲ.”

“ಯಾವಾಗಿಂದ ಇತ್ತು?”

“ತುಂಬಾ ವರ್ಷದಿಂದ, ಅತ್ತೆ” ಎಂದಳು ಸೊಸೆ.

“ದಿನಾ ಬೆಳಗ್ಗೆ ಕೇಳ್ತಿದ್ದೆ, ಹೇಗಿದ್ದೀಯೋ ಅಂತ. ನನಗೇನಮ್ಮ, ಕಲ್ಲುಗುಂಡಿನ ಹಾಗಿದ್ದೀನಿ ಅಂತ ನಗ್ತಿದ್ದ. ಕಳ್ಳ. ಒಂದು ದಿನಾನೂ ಹೇಳ್ಲಿಲ್ಲ.”

ಅವಳು ಆ ಗೆರೆಯ ಮೇಲೆ ಹೆಬ್ಬೆರಳಿಟ್ಟು, ಜ್ವರ ಬಂದ ಮಗುವಿನ ಹಣೆ ನೀವುವ ಹಾಗೆ ನೀವತೊಡಗಿದಳು. ಬರಬರುತ್ತಾ ಬೆರಳು ಬಿಗಿಯಾಯಿತು. ಗೆರೆ ಅಳಿಯುತ್ತಿತ್ತು. ಮೆಲ್ಲಗೆ ಎನ್ನಲು ಇಬ್ಬರಿಗೂ ಬಾಯಿ ಬರಲಿಲ್ಲ.