ಎಡಕ್ಕೆ ಬಿದ್ದ ನೆರಳು

ಹೊಲಿಗೆ ಯಂತ್ರಕ್ಕೆ ಅರ್ಧ ತಿಂಗಳ ಸಂಬಳ. ಎರಡು ಸೂಟ್‌ಕೇಸಿಗೆ, ಅದರೊಳಗೆ ಹೋದ ಬಟ್ಟೆಬರೆಗೆ ಇನ್ನರ್ಧ. ಕಿಟಕಿಯ ಜಾಲರಿ ಮತ್ತೆ ಕೂರಿಸಲು ಬಡಗಿ ಕೇಳಿದ್ದು ಬೇರೆ. ಭೂಗೋಳದ ಮೇಷ್ಟ್ರು ಲೆಕ್ಕ ಹಾಕಿದಷ್ಟು ಸಲ ಹಲ್ಲು ಕಡಿದರು.

ದುಡ್ಡು ಹೋದದ್ದಕ್ಕಲ್ಲ. ತಾವೇ ಕೈಯಾರೆ ಬೀಗ ಜಡಿದು ಹೋದ ಮನೆಯಿಂದ ಹಾಡಹಗಲೇ ಹೊತ್ತೊಯ್ಯುವುದೆಂದರೆ? ಮುಂಬಾಗಿಲಿನ ಬೀಗ ಅಲುಗಿರಲಿಲ್ಲ. ಅಡುಗೆಮನೆ ಕಿಟಕಿಯ ಜಾಲರಿ ಬಿಚ್ಚಿತ್ತು. ಅದರ ಸ್ಕ್ರೂಗಳನ್ನು ಒಲೆಯ ಪಕ್ಕದ ಕಟ್ಟೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದರು. ಜೊತೆಗೆ, ಹಿಡಿಕೆ ಸೊಟ್ಟಗಾದ ಒಂದು ಚಮಚ. ಆ ಸಾಲೇ ಮೇಷ್ಟ್ರ ಹೊಟ್ಟೆ ಉರಿಸಿದ್ದು. ತಮ್ಮನ್ನು ಅಣಕಿಸಲೆಂದೇ ಇಟ್ಟ ಹಾಗಿತ್ತು.

"ಪೊಲೀಸರಿಗೆ ಹೇಳಿದ್ರಾ ಮೇಷ್ಟ್ರೇ?" ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಕೇಳಿದರು.

"ಅವರ ಕೈಲಿ ಏನಾಗುತ್ತೆ? ನಾನೇ ಹಿಡೀತೀನಿ."

"ಮನೆಯವರು ಹೇಗಿದ್ದಾರೆ?"

"ಹೆದರಿ ತವರಿಗೆ ಹೋಗಿದ್ದಾರೆ, ಮಗಳನ್ನೂ ಕರ್ಕೊಂಡು. ಬರ್ತಾರೆ. ಬರದೆ ಎಲ್ಲಿಗೆ ಹೋಗ್ತಾರೆ?"

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ಮೊಬೈಲಿನಲ್ಲಿ ಜಾಹೀರಾತೊಂದು ಕಣ್ಣಿಗೆ ಬಿತ್ತು. 'ಮಕ್ಕಳ ಬಟ್ಟೆ ಹೊಲಿದು ಕೊಡಲಾಗುವುದು.' ಹೆಸರಿಲ್ಲ, ವಿಳಾಸವಿಲ್ಲ, ಒಂದು ಫೋಟೋ ಮಾತ್ರ. ಕಿಟಕಿಯ ಕೆಳಗೆ ಹೊಲಿಗೆ ಯಂತ್ರ. ಅದರ ಹಿಡಿಗೆ ಬಳಿದ ಕೆಂಪು ಬಣ್ಣ ಒಂದು ಕಡೆ ಎದ್ದುಹೋಗಿತ್ತು. ಹೇಗೆ ಎದ್ದುಹೋಯಿತೆಂದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತಿತ್ತು. ಕಿಟಕಿಯಾಚೆ ನೀರಿನ ಟ್ಯಾಂಕು, ರೈಲು ಹಳಿ. ಗೋಡೆ ಗಡಿಯಾರದಲ್ಲಿ ಒಂಬತ್ತು.

ಮರುದಿನ ಆ ಫೋಟೋ ಕಂಪ್ಯೂಟರ್ ಕೋಣೆಯ ಗೋಡೆಯ ಮೇಲೆ ದೊಡ್ಡದಾಗಿ ಮೂಡಿತು.

ಪಾಠದಲ್ಲಿ ಮೇಷ್ಟ್ರು ಗಟ್ಟಿ. ಒಂಬತ್ತನೇ ತರಗತಿಗೆ ಆನ್‌ಲೈನ್ ನಕ್ಷೆ ಓದುವುದನ್ನು ಅವರು ನೀರು ಕುಡಿದಷ್ಟು ಸುಲಭವಾಗಿ ಕಲಿಸಿದ್ದರು. ಉಪಗ್ರಹ ಚಿತ್ರ ತೆರೆಯಿರಿ, ಮೇಲಿನ ಹೆಸರುಗಳನ್ನೆಲ್ಲ ಮರೆಮಾಡಿ. ಹೆಸರು ಓದುವವನು ನೋಡುವುದನ್ನು ಮರೆಯುತ್ತಾನೆ, ಎನ್ನುತ್ತಿದ್ದರು.

"ಇದು ಎಲ್ಲಿ ತೆಗೆದ ಫೋಟೋ ಹೇಳಿ. ಗಡಿಯಾರ ನೋಡಿ. ಬೆಳಗಿನ ಹೊತ್ತು ನೆರಳು ಯಾವ ಕಡೆ ಬೀಳುತ್ತೆ?"

"ಪಶ್ಚಿಮಕ್ಕೆ ಸಾರ್."

"ಟ್ಯಾಂಕಿನ ನೆರಳು ಎಡಕ್ಕೆ ಬಿದ್ದಿದೆ. ಎಡ ಪಶ್ಚಿಮ ಆದ್ರೆ ಎದುರಿಗಿರೋದು?"

"ಉತ್ತರ."

"ಅಂದ್ರೆ ಮನೆಯ ಉತ್ತರಕ್ಕೆ ಟ್ಯಾಂಕು. ಹುಡುಕಿ."

ಒಬ್ಬಳು ಮಾತ್ರ ಕೀಲಿಮಣೆ ಮುಟ್ಟಲಿಲ್ಲ. ದಿಕ್ಕು ತಪ್ಪದವಳೆಂದು ತರಗತಿಯೆಲ್ಲ ಅವಳನ್ನು ದಿಕ್ಸೂಚಿ ಎಂದೇ ಕರೆಯುತ್ತಿತ್ತು. ಅವಳ ಪಕ್ಕದ ಜಾಗ ಮೇಷ್ಟ್ರ ಮಗಳದು. ಆ ಖಾಲಿ ಜಾಗದಲ್ಲಿ ದಿಕ್ಸೂಚಿ ತನ್ನ ಚೀಲ ಇಟ್ಟುಕೊಂಡಿದ್ದಳು, ಯಾರನ್ನೂ ಕೂರಲು ಬಿಟ್ಟಿರಲಿಲ್ಲ. ಅವಳ ಕಣ್ಣು ಯಂತ್ರದ ಕೆಂಪು ಹಿಡಿಯ ಮೇಲೇ ನೆಟ್ಟಿತ್ತು.

"ಸಾರ್, ಇದು ಯಾರ ಮನೆ?"

"ನಮ್ಮನೆಗೆ ಕನ್ನ ಹಾಕಿದವರದು."

"ಸಿಕ್ಕಿದ್ರೆ ಅವರನ್ನ ಏನು ಮಾಡ್ತೀರಾ ಸಾರ್?"

"ಅವರಿಗೆ ಸೇರಬೇಕಾದ್ದನ್ನ ಕೊಟ್ಟು ಬರ್ತೀನಿ."

ಹುಡುಗಿ ತಲೆಯಾಡಿಸಿದಳು. "ಹಾಗಾದ್ರೆ ಚೆನ್ನಾಗೇ ಹುಡುಕ್ತೀವಿ ಸಾರ್."

ಅಂಥ ಟ್ಯಾಂಕು, ಅಂಥ ಹಳಿ ನೂರಾರು ಊರಲ್ಲಿವೆ. ಮಕ್ಕಳು ಊಟದ ಬಿಡುವಿನಲ್ಲೂ ಕೂತರು. ವಾರದ ಕೊನೆಗೆ ದಿಕ್ಸೂಚಿ ಪರದೆಯ ಮೇಲೊಂದು ಕೆಂಪು ಗುರುತು ತೋರಿಸಿದಳು. ಟ್ಯಾಂಕು, ಹಳಿ, ನಡುವೆ ಒಂದು ಚೌಕ ಚಾವಣಿ, ಹಿಂದೆ ಗಲ್ಲಿ.

"ಇದೇನಾ?"

"ಇದೇ ಸಾರ್. ಹಿಂದಿನ ಗೇಟಿಂದ ಹೋಗಿ, ಹತ್ರ ಆಗುತ್ತೆ."

ಮೇಷ್ಟ್ರು ಎರಡನೇ ಸಲ ನೋಡಲಿಲ್ಲ. ಗುರುತನ್ನು ಮೊಬೈಲಿಗೆ ಹಾಕಿಕೊಂಡರು. ದಾರಿಯಲ್ಲಿ ಕಬ್ಬಿಣದಂಗಡಿಗೆ ನುಗ್ಗಿ ಒಂದು ಹೊಸ ಬೀಗ ಕೊಂಡರು, ಮೊದಲಿನದರ ಎರಡರಷ್ಟು ದಪ್ಪ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟು ಕೀಲಿ ತಿರುಗಿಸುತ್ತ ಕೂತರು. ಕಿಟಕಿಗೆ ಈ ಸಲ ಜಾಲರಿಯಲ್ಲ, ಇಟ್ಟಿಗೆಯನ್ನೇ ಕಟ್ಟಿಸಬೇಕೆಂದು ತೀರ್ಮಾನಿಸಿದರು.

ಆ ಊರಿನ ಗಲ್ಲಿ ತಲುಪಿದಾಗ ಮರುದಿನ ಬೆಳಗಿನ ಒಂಬತ್ತು. ಬೀಗವನ್ನು ಹೆಗಲ ಚೀಲಕ್ಕೆ ಹಾಕಿ, ಗೇಟಿನ ಗಂಟೆ ಒತ್ತಿ, ಹಣೆಯ ಬೆವರು ಒರೆಸಿಕೊಂಡು, ಟ್ಯಾಂಕಿನ ಕಡೆ ತಿರುಗಿದರು. ಅದರ ನೆರಳು ಬಲಕ್ಕೆ ಬಿದ್ದಿತ್ತು.

ಬಲಕ್ಕೆ. ಅಂದರೆ ಟ್ಯಾಂಕು ಇರುವುದು ದಕ್ಷಿಣಕ್ಕೆ. ಫೋಟೋದ ಮನೆ ಇದಲ್ಲ. ಊರೂ ಇದಲ್ಲ. ದಿಕ್ಕು ತಪ್ಪದ ಹುಡುಗಿ ಇಂಥ ತಪ್ಪು ಮಾಡುವವಳಲ್ಲ.

ಮೊಬೈಲಿನ ನಕ್ಷೆಗೆ ಹೆಸರುಗಳನ್ನು ಮರಳಿ ಹಾಕಿದರು. ಚೌಕ ಚಾವಣಿಯ ಮೇಲೆ ಎರಡು ಪದ ಮೂಡಿದವು: ಪೊಲೀಸ್ ಠಾಣೆ.

ಗೇಟು ತೆರೆಯಿತು. ಸಮವಸ್ತ್ರದ ಹೆಂಗಸೊಬ್ಬಳು ಅವರನ್ನು ಮೇಲಿಂದ ಕೆಳಗೆ ನೋಡಿದಳು.

"ಬನ್ನಿ ಮೇಷ್ಟ್ರೇ. ನಿಮ್ಮ ಹೆಡ್‌ಮಿಸ್ಸು ಫೋನ್ ಮಾಡಿದ್ರು. ಮಕ್ಕಳೆಲ್ಲ ಹೋಗಿ ಅವರ ಹತ್ರ ಹೇಳಿಕೊಂಡಿದ್ದಾರೆ. ನಿಜವಾದ ಮನೆ ಮಕ್ಕಳಿಗೆ ಎರಡನೇ ದಿನಾನೇ ಸಿಕ್ಕಿತ್ತಂತೆ. ಚೀಲದಲ್ಲಿ ಏನಿದೆ?"

ಮೇಷ್ಟ್ರು ಚೀಲವನ್ನು ಬೆನ್ನ ಹಿಂದಕ್ಕೆ ಸರಿಸಿದರು. ಅವಳೇ ಕೈ ಹಾಕಿ ಬೀಗ ತೆಗೆದು ಅಂಗೈಯಲ್ಲಿ ತೂಗಿದಳು.

"ಕಳ್ಳರನ್ನ ಹಿಡಿಯೋಕೆ ಬೀಗ ತಂದವರನ್ನ ನಾನು ಇದೇ ಮೊದಲು ನೋಡ್ತಿರೋದು."

ಅಂದು ಮೇಷ್ಟ್ರು ಕಳೆದುಕೊಂಡದ್ದು ಒಂದು ಬೀಗ, ಒಂದು ನೌಕರಿ. ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡದ್ದು ಅದಕ್ಕೂ ಮೊದಲು, ಅವರಿಬ್ಬರೂ ಚಮಚದ ಹಿಡಿಯಿಂದ ಆ ಸ್ಕ್ರೂಗಳನ್ನು ಒಳಗಿನಿಂದ ಒಂದೊಂದಾಗಿ ಬಿಚ್ಚಿಟ್ಟ ದಿನ.