ಎರಡನೆಯ ಕಪ್ಪು

ರಂಗದ ಮೇಲೆ ಆಡಿ ತೋರಿಸಿದ ಮೇಲೆಯೇ ಮಸೂದೆ ಕಾನೂನಾಗುತ್ತಿತ್ತು. ಆಡುವಾಗ ಆದ ತಪ್ಪೂ ಅದರೊಳಗೇ ಸೇರಿಬಿಡುತ್ತಿತ್ತು. ಹೋದ ವರ್ಷ ನೀರಿನ ಮಸೂದೆಯಲ್ಲಿ ನಟನೊಬ್ಬ ಎಡಗಾಲ ಚಪ್ಪಲಿ ಕಚ್ಚುತ್ತಿದೆಯೆಂದು ಅದನ್ನು ಕಳಚಿದ್ದ. ಅಂದಿನಿಂದ ನಾಡಿನ ಜನವೆಲ್ಲ ನಲ್ಲಿಯ ಮುಂದೆ ಎಡಗಾಲ ಚಪ್ಪಲಿ ಕಳಚಿಯೇ ನಿಲ್ಲುತ್ತಿದ್ದರು.

ಈ ಸಲದ್ದು, ಸತ್ತವರ ಹೆಸರೆತ್ತಬಾರದೆಂಬ ಮಸೂದೆ. ಎರಡು ತಿಂಗಳ ಹಿಂದಷ್ಟೇ ಗಂಡ ಬಾಳಪ್ಪನನ್ನು ಕಳೆದುಕೊಂಡಿದ್ದ ಶಿವಗಂಗವ್ವನಿಗೆ ವಿಧವೆಯ ಪಾತ್ರ. ಅವಳು ತುಟಿ ಪಿಟಕ್ಕೆನ್ನದೆ ಚಹಾ ಸೋಸಿ ಒಬ್ಬಳೇ ಕುಡಿಯಬೇಕಿತ್ತು. ಕೈ ಮಾತ್ರ ಎರಡು ಕಪ್ಪು ಇಟ್ಟಿತು.

ಪರದೆ ಬಿದ್ದ ಮೇಲೆ ಕಂಪನಿಯ ಮಾಸ್ತರು ಕೇಳಿದರು, “ಎರಡನೇ ಕಪ್ಪು ಯಾಕಿಟ್ಟಿ ತಂಗಿ?”

“ರೂಢಿರೀ ಮಾಸ್ತರ. ಆಮ್ಯಾಲ ಎಚ್ಚರಾತು. ಯಾರೋ ಕುಡದು ಹ್ವಾದಂಗ ಖಾಲಿ ಕಪ್ಪು ಎತ್ತಿ ತೋರಿಸಿದ್ನಲ್ರೀ.”

“ಅದೂ ಕಾನೂನಾತು ಬಿಡವಾ,” ಎಂದು ಅವರು ಮುಖದ ಬಣ್ಣ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಮನೆಯಲ್ಲೂ ಅವಳ ಕೈ ಎರಡು ಕಪ್ಪು ತುಂಬಿಸಿತು. ಹಾಲಿನ ಪಾತ್ರೆ ಮುಚ್ಚಿಟ್ಟು ತಿರುಗುವಷ್ಟರಲ್ಲಿ ಎರಡನೆಯದು ಖಾಲಿಯಾಗಿತ್ತು. ಮುಟ್ಟಿ ನೋಡಿದರೆ ಇನ್ನೂ ಬಿಸಿ. ಶಿವಗಂಗವ್ವ ಬಾಗಿಲಿಗೆ ಓಡಿ, ಕರೆಯಲು ಬಾಯಿ ತೆರೆದಳು.

ಹೆಸರು ಹೊರಡಲಿಲ್ಲ.