ಏಸಿ ನೀರಿನ ಪ್ರಶ್ನೆ

ಕಾಫಿಬೀಜ ಹುರಿಯುವ ವಾಸನೆ ಬಂದರೆ ಈಗಲೂ ನನ್ನ ಕಾಲು ಸುಮ್ಮನಿರುವುದಿಲ್ಲ.

ಅಬುಧಾಬಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸುಡಾನಿನ ಟೀಚರ್ ಒಬ್ಬರಿದ್ದರು. ಶುಕ್ರವಾರ ಮಧ್ಯಾಹ್ನ ಅವರು ಬೀಜ ಹುರಿದು, ಶುಂಠಿ ಹಾಕಿ ಕುಟ್ಟುತ್ತಿದ್ದರೆ, ಅವರ ದೇಶದ ಮಕ್ಕಳು ಚಾಪೆಯ ಮೇಲೆ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಿದ್ದರು.

“ಅದೇನ್ ಸಾಲಿನೋ, ಸಂತಿನೋ! ಆ ಕರೇ ಮಂದಿ ಹತ್ರ ನೀ ಏನ್ ಕಲೀತಿ?” ಅಂದಳು ಅವ್ವ.

ಆದರೂ ನಾನು ಹೋದೆ. ಜಂಬದಿಂದ ಹತ್ತೊಂಬತ್ತರ ಮಗ್ಗಿ ಒಪ್ಪಿಸಿದೆ. ಟೀಚರ್ ಪೂರ್ತಿ ಕೇಳಿ, “ಸರಿ, ನಿನಗೇನು ತಿಳಿದುಕೊಳ್ಳಬೇಕಾಗಿದೆ?” ಎಂದರು.

ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. ಕಾಲು ಅಲ್ಲಾಡಿಸುತ್ತ ಕೂತೆ. ಎಲ್ಲರೂ ಕಾದರು.

“ಏಸಿಯಿಂದ ತೊಟ್ಟಿಕ್ಕುವ ನೀರು ಎಲ್ಲಿಂದ ಬರುತ್ತೆ?”

ಅಷ್ಟೂ ಮಕ್ಕಳು ಎದ್ದು ಏಸಿಯ ಕೆಳಗೆ ಓಡಿದರು.

ಮರುದಿನ ನಮ್ಮ ಶಾಲೆಯ ಮೇಷ್ಟರನ್ನೂ ಅದನ್ನೇ ಕೇಳಿದೆ.

“ಪೋರ್ಷನ್‌ನಲ್ಲಿಲ್ಲ, ಕೂತ್ಕೊ.”

ಕೂತೆ. ಕಾಲು ಮಾತ್ರ ಕೂರಲಿಲ್ಲ.